ಶನಿವಾರದ ದಾಯಾದಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಓದಲು ಅಂತ ನಾನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಹೋಗಿ ಮೂರು ತಿಂಗಳಾಗಿತ್ತು. ನವೆಂಬರ್ ಕೊನೆ, ಒಳ್ಳೇ ಚಳಿ. ಒಂದು ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ನೋಡುತ್ತೇನೆ, ಕ್ಯಾಂಪಸ್ಸಿನ ಬೋರ್ಡುಗಳ ಮೇಲೆಲ್ಲ ಕೆಂಪು ಟೇಪು. ಇಂಗ್ಲಿಷಿನ ‘ಎಂ’ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಡ್ಡಡ್ಡ ಎರಡು ಪಟ್ಟಿ ಅಂಟಿಸಿ ಅದನ್ನು ಹೊಡೆದು ಹಾಕಿದ್ದರು. ‘ಮ್ಯೂಸಿಕ್’ ಅನ್ನುವಲ್ಲಿ ಒಂದು, ‘ಮೆಮೋರಿಯಲ್’ ಅನ್ನುವಲ್ಲಿ ಎರಡು. ಲ್ಯಾಬಿನಲ್ಲಿ ಪಕ್ಕ ಕೂರುತ್ತಿದ್ದ ಗೆಳೆಯನನ್ನು ಕೇಳಿದೆ. ‘ಶನಿವಾರ ಮಿಷಿಗನ್ ಜೊತೆ ಮ್ಯಾಚಿದೆ. ಈ ವಾರ ನಮ್ಮೂರಲ್ಲಿ ಆ ಅಕ್ಷರ ಇಲ್ಲ’ ಅಂದ. ಮುಖದಲ್ಲಿ ನಗು ಇರಲಿಲ್ಲ.

ನನಗೆ ಕಾಲೇಜು ಫುಟ್ಬಾಲಿನ ಹುಚ್ಚು ಹತ್ತಿದ್ದು ಆ ಟೇಪಿನಿಂದ.

ಫುಟ್ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಎರಡೂ ಕಡೆ 11 ಜನ, ನೂರು ಗಜದ ಮೈದಾನ, ತುದಿ ಚೂಪಾದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಇಷ್ಟು ತಿಳಿದಿದ್ದರೆ ಸಾಕು. ಮೊದಲ ಕಾಲೇಜು ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ. ರಟ್ಗರ್ಸ್ ತಂಡ ಪಕ್ಕದೂರಿನ ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿತು. ಅಂದರೆ ಈ ಆಟ ಹುಟ್ಟಿದ್ದೇ ನೆರೆಹೊರೆಯ ಜಿದ್ದಿನಲ್ಲಿ.

ದೊಡ್ಡ ಮಟ್ಟದಲ್ಲಿ ಆಡುವ ಕಾಲೇಜುಗಳು ಇವತ್ತು ನೂರಮೂವತ್ತಕ್ಕೂ ಜಾಸ್ತಿ. ಒಂದು ತಂಡಕ್ಕೆ ವರ್ಷಕ್ಕೆ ಸಿಗುವುದು ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವೇ ಇಲ್ಲ. ಅದಕ್ಕೇ ಹತ್ತಿರ ಹತ್ತಿರದ ಕಾಲೇಜುಗಳು ಸೇರಿ ಒಂದೊಂದು ಕೂಟ ಮಾಡಿಕೊಂಡವು. ಅದನ್ನು ಕಾನ್ಫರೆನ್ಸ್ ಅನ್ನುತ್ತಾರೆ. ಉತ್ತರದ ನಡುನಾಡಿನದು ಬಿಗ್ ಟೆನ್, 1896ರದ್ದು. ದಕ್ಷಿಣದ್ದು ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಜನರ ಬಾಯಲ್ಲಿ ಎಸ್‌ಇಸಿ, 1932ರಲ್ಲಿ ಹುಟ್ಟಿದ್ದು. ನನ್ನ ತಂಡ ನಿನ್ನ ತಂಡದ ಜೊತೆ ಆಡೇ ಇಲ್ಲ, ಹಾಗಾದರೆ ಯಾರು ದೊಡ್ಡವರು? ನನ್ನ ಕೂಟ ಗಟ್ಟಿ, ನಿನ್ನ ಕೂಟ ಜೊಳ್ಳು ಅಂತ ವಾದ ಶುರುವಾಗುತ್ತದೆ. ಟಿವಿಯಲ್ಲಿ, ಸಲೂನಿನಲ್ಲಿ, ಆಫೀಸಿನ ಕಾಫಿ ಯಂತ್ರದ ಮುಂದೆ ಆಗಸ್ಟಿನಿಂದ ಜನವರಿವರೆಗೆ ಇದೇ ಮಾತು.

ಆದರೆ ಕೊಲಂಬಸ್‌ನಲ್ಲಿ ನಾನು ಕಂಡ ಬಿಸಿ ಕೂಟದ್ದಲ್ಲ. ಅದು ಗಡಿಯದ್ದು. 1835ರಲ್ಲಿ ಟೊಲೀಡೋ ಊರಿನ ಸುತ್ತಲಿನ ಒಂದು ಪಟ್ಟಿ ಜಮೀನಿಗೆ ಓಹಾಯೋ ಮತ್ತು ಮಿಷಿಗನ್ ಸೈನ್ಯ ಕಟ್ಟಿ ಎದುರುಬದುರು ನಿಂತವು. ಜೀವ ಹೋಗಲಿಲ್ಲ, ಒಬ್ಬ ಪೊಲೀಸ್ ಅಧಿಕಾರಿಗೆ ಪೆನ್ ಚಾಕುವಿನ ಗಾಯ ಆಯಿತು ಅಷ್ಟೇ. ಕೊನೆಗೆ ಟೊಲೀಡೋ ಓಹಾಯೋಗೆ ಹೋಯಿತು. ಮಿಷಿಗನ್‌ಗೆ ಅದರ ಬದಲು ಉತ್ತರದ ಕಾಡುಪ್ರದೇಶ ಕೊಟ್ಟು ಸಮಾಧಾನ ಮಾಡಿದರು. ಆ ಕಾಡಿನಲ್ಲಿ ಆಮೇಲೆ ತಾಮ್ರ, ಕಬ್ಬಿಣದ ಗಣಿಗಳು ಎದ್ದವು ಅನ್ನುವುದು ಬೇರೆ ಮಾತು. ಈ ಎರಡು ರಾಜ್ಯಗಳ ಕಾಲೇಜುಗಳು, ಓಹಾಯೋ ಸ್ಟೇಟ್ ಮತ್ತು ಮಿಷಿಗನ್, ಮೊದಲ ಸಲ ಆಡಿದ್ದು 1897ರಲ್ಲಿ.

ಈ ಜಿದ್ದಿಗೆ ಮುಖ ಕೊಟ್ಟವರು ಇಬ್ಬರು ಕೋಚ್‌ಗಳು. ಓಹಾಯೋ ಸ್ಟೇಟ್‌ಗೆ ವುಡಿ ಹೇಯ್ಸ್, ಮಿಷಿಗನ್‌ಗೆ ಬೋ ಶೆಂಬೆಕ್ಲರ್. ಬೋ ಒಂದು ಕಾಲಕ್ಕೆ ಹೇಯ್ಸ್ ಕೈಕೆಳಗೇ ಆಡಿ, ಅವರ ಜೊತೆಗೇ ಕೆಲಸ ಕಲಿತವರು. ಗುರು ಶಿಷ್ಯರು ಎದುರಾಳಿಗಳಾಗಿ 1969ರಿಂದ 1978ರವರೆಗೆ ಹತ್ತು ವರ್ಷ ಕಾದಾಡಿದರು. ಹೇಯ್ಸ್ ಬಾಯಲ್ಲಿ ಮಿಷಿಗನ್ ಹೆಸರೇ ಬರುತ್ತಿರಲಿಲ್ಲ, ‘ಉತ್ತರದ ಆ ತಂಡ’ ಅನ್ನುತ್ತಿದ್ದರು. ಮಿಷಿಗನ್ ನೆಲದಲ್ಲಿ ಪೆಟ್ರೋಲ್ ಹಾಕಿಸಿದರೆ ಆ ರಾಜ್ಯಕ್ಕೆ ತೆರಿಗೆ ಹೋಗುತ್ತದಲ್ಲ ಅಂತ, ಟ್ಯಾಂಕು ಖಾಲಿಯಾಗುತ್ತಿದ್ದರೂ ಗಡಿ ದಾಟುವವರೆಗೆ ಕಾರು ನಿಲ್ಲಿಸಲು ಬಿಡಲಿಲ್ಲವಂತೆ. ಕೊಲಂಬಸ್‌ನಲ್ಲಿ ಈ ಕಥೆ ಹೇಳದ ಮನೆ ಇಲ್ಲ.

ಇಲ್ಲಿ 1973ರ ಮಾತು ಬರಲೇಬೇಕು. ಆ ವರ್ಷ ಎರಡೂ ತಂಡಗಳು ಒಂದೂ ಪಂದ್ಯ ಸೋಲದೆ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಎದುರಾದವು. ಆಟ 10–10, ಸಮ. ಆಗ ಬಿಗ್ ಟೆನ್‌ನಿಂದ ಒಂದೇ ತಂಡ ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಪಂದ್ಯಕ್ಕೆ ಹೋಗಬಹುದಿತ್ತು. ಉಳಿದವರಿಗೆ ಅಲ್ಲಿಗೆ ಸೀಸನ್ ಮುಗಿಯಿತು. ಹಿಂದಿನ ವರ್ಷ ಓಹಾಯೋ ಹೋಗಿತ್ತು, ಹಾಗಾಗಿ ಈ ಸಲ ನಮ್ಮದೇ ಅಂತ ಮಿಷಿಗನ್‌ನವರು ನಂಬಿದ್ದರು. ಆದರೆ ಕೂಟದ ಹತ್ತು ಕಾಲೇಜುಗಳ ಕ್ರೀಡಾ ನಿರ್ದೇಶಕರು ಮತ ಹಾಕಿ ಓಹಾಯೋವನ್ನೇ ಕಳಿಸಿದರು. ಕಾರಣ ಏನು ಗೊತ್ತಾ? ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗ, ಡೆನಿಸ್ ಫ್ರಾಂಕ್ಲಿನ್, ಅವತ್ತು ಕುತ್ತಿಗೆ ಕೆಳಗಿನ ಮೂಳೆ ಮುರಿದುಕೊಂಡಿದ್ದ. ರೋಸ್ ಬೌಲ್‌ನಲ್ಲಿ ಬಿಗ್ ಟೆನ್ ಸತತ ನಾಲ್ಕು ವರ್ಷ ಸೋತಿತ್ತು. ಗಾಯಗೊಂಡ ತಂಡವನ್ನು ಕಳಿಸಿದರೆ ಕೂಟದ ಮಾನ ಮತ್ತೆ ಹೋಗುತ್ತದೆ ಅನ್ನುವ ಭಯ. ಓಹಾಯೋ ಹೋಗಿ 42–21ರಿಂದ ಗೆದ್ದೂ ಬಂತು. ಆದರೂ ನನಗೆ ಅದು ಸರಿ ಅನ್ನಿಸಿಲ್ಲ, ಓಹಾಯೋದಲ್ಲಿ ಓದಿದವನಾಗಿಯೂ. ಮೈದಾನದಲ್ಲಿ ಸಮ ಆದದ್ದನ್ನು ಕೂಟದ ಮಾನದ ಹೆಸರಲ್ಲಿ ಮತ ಹಾಕಿ ಮುರಿದರು. ಬೋ ಶೆಂಬೆಕ್ಲರ್‌ಗೆ ಆ ನೋವು ಕಡೆಯವರೆಗೂ ಇತ್ತು.

ಇನ್ನು ದಕ್ಷಿಣಕ್ಕೆ ಹೋಗೋಣ. ಅಲಬಾಮಾ ರಾಜ್ಯದಲ್ಲಿ ಎರಡು ದೊಡ್ಡ ಕಾಲೇಜುಗಳು, ಅಲಬಾಮಾ ಮತ್ತು ಆಬರ್ನ್. ಇವರಿಬ್ಬರ ಪಂದ್ಯಕ್ಕೆ ಐರನ್ ಬೌಲ್ ಅಂತ ಹೆಸರು. ಕಬ್ಬಿಣ, ಉಕ್ಕಿನ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುತ್ತಿದ್ದರಿಂದ ಆ ಹೆಸರು ಬಂತು. 1907ರಲ್ಲಿ ಆಟ 6–6 ಸಮವಾಯಿತು. ಮುಂದಿನ ವರ್ಷದ ಪಂದ್ಯಕ್ಕೆ ಎಷ್ಟು ಆಟಗಾರರನ್ನು ಕರೆತರಬೇಕು, ದಿನಭತ್ಯೆ ಎಷ್ಟು, ರೆಫರಿ ಎಲ್ಲಿಯವರು ಅಂತ ಜಗಳ. ಬೆರಳೆಣಿಕೆ ಡಾಲರಿನ ವಿಷಯ. ಅಷ್ಟಕ್ಕೇ ಮಾತು ಬಿಟ್ಟರು. ಒಂದಲ್ಲ, ಎರಡಲ್ಲ, 41 ವರ್ಷ ಒಬ್ಬರ ಜೊತೆ ಒಬ್ಬರು ಆಡಲಿಲ್ಲ. ಒಂದೇ ಮನೆಯ ದಾಯಾದಿಗಳು ಮದುವೆ ತಿಥಿ ಯಾವುದಕ್ಕೂ ಹೋಗಿ ಬರದ ಹಾಗೆ. ಕೊನೆಗೆ ರಾಜ್ಯದ ಶಾಸನಸಭೆಯೇ ಒತ್ತಾಯಿಸಬೇಕಾಯಿತು. 1948ರಲ್ಲಿ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಒಂದು ಪಾರ್ಕಿನಲ್ಲಿ ಗುಂಡಿ ತೋಡಿ, ಒಂದು ಕೊಡಲಿಯನ್ನು ಹೂತು, ಜಗಳ ಮುಗಿಯಿತು ಅಂತ ಸಾರಿದರು. ಆಮೇಲೆ ಮೈದಾನದಲ್ಲಿ ಅಲಬಾಮಾ 55–0ಯಿಂದ ಗೆದ್ದಿತು. ಮರುವರ್ಷ ಆಬರ್ನ್ 14–13ರಿಂದ ತಿರುಗೇಟು ಕೊಟ್ಟಿತು.

ಆಬರ್ನ್ ಊರಿನ ಟೂಮರ್ಸ್ ಕಾರ್ನರ್‌ನಲ್ಲಿ ಎರಡು ಹಳೇ ಓಕ್ ಮರಗಳಿದ್ದವು. ತಂಡ ಗೆದ್ದಾಗ ಊರಿಗೆ ಊರೇ ಅಲ್ಲಿ ಸೇರಿ ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ಕೊಂಬೆಗಳ ಮೇಲೆ ಎಸೆಯುತ್ತಿತ್ತು. ಬೆಳಗಾಗುವಾಗ ಮರ ಹಿಮ ಬಿದ್ದ ಹಾಗೆ ಬೆಳ್ಳಗೆ. 2010ರಲ್ಲಿ ಅಲಬಾಮಾ 24–0ಯಿಂದ ಮುಂದಿದ್ದೂ 28–27ರಿಂದ ಸೋತಿತು. ಅದಾದ ಮೇಲೆ ಅಲಬಾಮಾದ ಒಬ್ಬ ಅಭಿಮಾನಿ ಆ ಮರಗಳ ಬುಡಕ್ಕೆ ವಿಷ ಹಾಕಿದ. ಮರ ಉಳಿಸಲು ತುಂಬ ಪ್ರಯತ್ನಪಟ್ಟರು, ಆಗಲಿಲ್ಲ. 2013ರಲ್ಲಿ ಕಡಿಯಬೇಕಾಯಿತು. ಜಿದ್ದು ಇಷ್ಟು ದೂರ ಹೋಗಬಾರದು. ಅಲಬಾಮಾ ಕಡೆಯ ಎಷ್ಟೋ ಜನ ತಾವೇ ಮುಂದೆ ಬಂದು ಮರ ಉಳಿಸಲು ಹಣ ಕೂಡಿಸಿದರು ಅನ್ನುವುದನ್ನೂ ಹೇಳಬೇಕು.

ಅದೇ 2013ರ ನವೆಂಬರ್ 30. ಅಲಬಾಮಾ ದೇಶಕ್ಕೇ ಒಂದನೇ ತಂಡ, ಹಿಂದಿನ ಎರಡು ವರ್ಷದ ಚಾಂಪಿಯನ್. ಆಟ 28–28. ಉಳಿದದ್ದು ಒಂದೇ ಒಂದು ಸೆಕೆಂಡು. ಅಲಬಾಮಾ 57 ಗಜದಿಂದ ಚೆಂಡನ್ನು ಕಂಬಗಳ ನಡುವೆ ಒದೆಯಲು ನೋಡಿತು. ಚೆಂಡು ಅಲ್ಲಿಯವರೆಗೆ ಹೋಗಲಿಲ್ಲ. ನೂರು ಗಜದ ಗೆರೆಯ ಆಚೆ, ಕಂಬದ ಕೆಳಗೆ ಕಾಯುತ್ತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದ. ಹಿಡಿದವನು ಎಡಗಡೆ ಗೆರೆಯ ಪಕ್ಕ ಪಕ್ಕವೇ ನೂರು ಗಜಕ್ಕೂ ಜಾಸ್ತಿ ಓಡಿ ಇನ್ನೊಂದು ತುದಿ ಮುಟ್ಟಿದ. ಗಡಿಯಾರದಲ್ಲಿ ಸಮಯವೇ ಇಲ್ಲ. 34–28.

ಈಗ ಕೂಟದ ಬಲದ ವಿಷಯಕ್ಕೆ ಬರುತ್ತೇನೆ. 2006ರಿಂದ 2012ರವರೆಗೆ ಸತತ ಏಳು ಸೀಸನ್ ದೇಶದ ಚಾಂಪಿಯನ್ ಆದದ್ದು ಎಸ್‌ಇಸಿಯ ಯಾವುದಾದರೂ ಒಂದು ತಂಡ. ದಕ್ಷಿಣದವರು ಹೊರಗಿನವರನ್ನು ಸೋಲಿಸಿದಾಗ ಗ್ಯಾಲರಿಯಲ್ಲಿ ತಮ್ಮ ಕಾಲೇಜಿನ ಹೆಸರು ಬಿಟ್ಟು ‘ಎಸ್–ಇ–ಸಿ’ ಅಂತ ಕೂಗುತ್ತಿದ್ದರು. ಎಂಟನೇ ಸಲ ಫೈನಲ್ಲಿಗೆ ಹೋದದ್ದು ಇದೇ ಆಬರ್ನ್, ಕ್ರಿಸ್ ಡೇವಿಸ್ ಓಟದ ವರ್ಷ. ಎದುರಿಗೆ ಬೇರೆ ಕೂಟದ ಫ್ಲಾರಿಡಾ ಸ್ಟೇಟ್. ಅಲಬಾಮಾದ ಅಭಿಮಾನಿ ಅವತ್ತು ಏನು ಬೇಡಿಕೊಳ್ಳಬೇಕು? ಕೂಟ ಗೆಲ್ಲಲಿ ಅಂತಲೋ, ದಾಯಾದಿ ಸೋಲಲಿ ಅಂತಲೋ? ಅಲ್ಲಿಂದ ಬಂದಿದ್ದ ಒಬ್ಬ ಸಹಪಾಠಿಯನ್ನು ಇದೇ ಕೇಳಿದೆ. ‘ಕೂಟ ಅನ್ನುವುದು ಹೊರಗಿನವರ ಮುಂದೆ ಹಾಕುವ ಅಂಗಿ. ಆಬರ್ನ್ ಗೆದ್ದರೆ ನಾನು ಊರಿಗೆ ಹೋಗುವ ಹಾಗಿಲ್ಲ’ ಅಂದ. ಆಬರ್ನ್ 34–31ರಿಂದ ಸೋತಿತು.

ದಕ್ಷಿಣಕ್ಕೆ ಈ ಬಲ ಎಲ್ಲಿಂದ ಬಂತು? ಬಿಸಿಲಿನ ನಾಡು, ಹೈಸ್ಕೂಲಿನಿಂದಲೇ ಫುಟ್ಬಾಲ್, ಇದೆಲ್ಲ ನಿಜ. ಆದರೆ ಒಂದು ಕಹಿ ಸತ್ಯವನ್ನು ಜನ ಬೇಗ ಮರೆಯುತ್ತಾರೆ. 1960ರ ದಶಕದವರೆಗೆ ಎಸ್‌ಇಸಿ ತಂಡಗಳಲ್ಲಿ ಕಪ್ಪು ಜನಾಂಗದ ಹುಡುಗರಿಗೆ ಜಾಗವೇ ಇರಲಿಲ್ಲ. ದಕ್ಷಿಣದಲ್ಲೇ ಹುಟ್ಟಿ ಬೆಳೆದ ಹುಡುಗರು ಉತ್ತರಕ್ಕೆ ಹೋಗಿ ಬಿಗ್ ಟೆನ್ ತಂಡಗಳನ್ನು ಗಟ್ಟಿ ಮಾಡಿದರು. ಟೆಕ್ಸಸ್‌ನ ಬೂಬಾ ಸ್ಮಿತ್ ಮಿಷಿಗನ್ ಸ್ಟೇಟ್‌ಗೆ ಆಡಿದ್ದು ಹಾಗೆ. ಎಸ್‌ಇಸಿಯಲ್ಲಿ ಮೊದಲ ಕಪ್ಪು ಆಟಗಾರ ಕಣಕ್ಕಿಳಿದದ್ದು 1967ರಲ್ಲಿ, ಕೆಂಟಕಿಯ ನೇಟ್ ನಾರ್ತಿಂಗ್ಟನ್. 1970ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು, ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕಪ್ಪು ಹುಡುಗನ ಬಲದಿಂದ ಅಲಬಾಮಾವನ್ನು 42–21ರಿಂದ ಹಣ್ಣು ಮಾಡಿತು. ಬಾಗಿಲು ತೆರೆದ ಮೇಲೆ ದಕ್ಷಿಣದ ಮಕ್ಕಳು ದಕ್ಷಿಣದಲ್ಲೇ ಉಳಿದರು. ಕೂಟದ ಬಲದ ಲೆಕ್ಕ ಹಾಕುವವರು ಮೊದಲು ಇದನ್ನು ಬರೆದುಕೊಳ್ಳಬೇಕು.

ಮತ್ತೆ 2023. ಫ್ಲಾರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು, ತನ್ನ ಕೂಟದ ಚಾಂಪಿಯನ್ ಆಗಿತ್ತು. ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಪಂದ್ಯಗಳಿಗೆ ಆಗ ನಾಲ್ಕೇ ತಂಡ. ತಂಡಗಳನ್ನು ಆರಿಸುವ ಸಮಿತಿ ಅದನ್ನು ಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ತೆಗೆದುಕೊಂಡಿತು. ಕೂಟ ಅಷ್ಟು ಗಟ್ಟಿಯಿಲ್ಲ ಅನ್ನುವ ಮಾತು ಒಂದು ಕಡೆ. ಜೊತೆಗೆ ಫ್ಲಾರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲು ಮುರಿದುಕೊಂಡಿದ್ದ. ಸರಿಯಾಗಿ 50 ವರ್ಷದ ಹಿಂದಿನ ಫ್ರಾಂಕ್ಲಿನ್ ನೆನಪಾಯಿತು. ಅದೇ ಮುರಿದ ಮೂಳೆ, ಅದೇ ಮುಚ್ಚಿದ ಕೋಣೆ. ಮರುವರ್ಷದಿಂದ ಪ್ಲೇಆಫ್‌ಗೆ 12 ತಂಡ ಮಾಡಿದರು, ಒಳ್ಳೆಯದಾಯಿತು.

ಆದರೆ ನನ್ನ ನಿಜವಾದ ಸಂಕಟ ಬೇರೆ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಟಿವಿ ಪ್ರಸಾರದ ಹಕ್ಕನ್ನು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯೇ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಕಾಲೇಜುಗಳು, ಕೂಟಗಳು ತಾವೇ ಮಾರಲು ಶುರು ಮಾಡಿದವು. ದೊಡ್ಡ ಹೆಸರು ಜಾಸ್ತಿ ಸೇರಿದಷ್ಟೂ ದುಡ್ಡು ಜಾಸ್ತಿ. ಹತ್ತಿರದವರ ಕೂಟ ಹೋಗಿ ದುಡ್ಡಿದ್ದವರ ಕೂಟ ಆಯಿತು. ಬಿಗ್ ಟೆನ್‌ನಲ್ಲಿ ಈಗ 18 ತಂಡ. ಒಂದು ತುದಿಗೆ ನ್ಯೂಜೆರ್ಸಿಯ ರಟ್ಗರ್ಸ್, ಇನ್ನೊಂದು ತುದಿಗೆ ಲಾಸ್ ಏಂಜಲೀಸ್, ನಡುವೆ ಸುಮಾರು 4,000 ಕಿ.ಮೀ. ಓಕ್ಲಹೋಮಾ ಎಸ್‌ಇಸಿಗೆ ಹೋಯಿತು. ತನ್ನದೇ ರಾಜ್ಯದ ಓಕ್ಲಹೋಮಾ ಸ್ಟೇಟ್ ಜೊತೆ ನೂರು ವರ್ಷಕ್ಕೂ ಮೇಲ್ಪಟ್ಟು ಆಡುತ್ತಿದ್ದ ಪಂದ್ಯ 2023ಕ್ಕೆ ನಿಂತಿತು. ಟೆಕ್ಸಸ್ ಮತ್ತು ಟೆಕ್ಸಸ್ ಎ ಆ್ಯಂಡ್ ಎಂ ಪಂದ್ಯವೂ 2011ರಲ್ಲಿ ಹೀಗೇ ನಿಂತಿತ್ತು. ಇಬ್ಬರೂ ಒಂದೇ ಕೂಟಕ್ಕೆ ಬಂದ ಮೇಲೆ 2024ರಲ್ಲಿ ಮತ್ತೆ ಶುರುವಾಯಿತು, ನನಗೆ ತುಂಬ ಖುಷಿಯಾಯಿತು.

ಮಿನೆಸೋಟ ಮತ್ತು ಅಯೋವಾ ನಡುವೆ ಕಂಚಿನ ಹಂದಿಯೊಂದಿದೆ. 1935ರಲ್ಲಿ ಎರಡು ರಾಜ್ಯಗಳ ಗವರ್ನರ್‌ಗಳು ಪಂದ್ಯಕ್ಕೆ ಜೀವಂತ ಹಂದಿಯನ್ನು ಪಣ ಇಟ್ಟರು. ಸೋತ ಅಯೋವಾ ಗವರ್ನರ್ ಹಂದಿಯನ್ನು ಹೊಡೆದುಕೊಂಡು ಮಿನೆಸೋಟ ಗವರ್ನರ್‌ನ ಕಚೇರಿಯ ಕಾರ್ಪೆಟ್ಟಿನ ಮೇಲೇ ಹೋದ. ಆಮೇಲೆ ಅದರ ಕಂಚಿನ ಮೂರ್ತಿ ಮಾಡಿಸಿದರು. ಇವತ್ತಿಗೂ ಗೆದ್ದ ಹುಡುಗರು ಓಡಿ ಹೋಗಿ ಆ ಭಾರದ ಹಂದಿಯನ್ನು ಎತ್ತಿಕೊಂಡು ಬರುತ್ತಾರೆ. ಟಿವಿಯವರು ಎಷ್ಟು ಕೋಟಿ ಕೊಟ್ಟರೂ ಇಂಥದ್ದನ್ನು ಹೊಸದಾಗಿ ಮಾಡಲಾಗುವುದಿಲ್ಲ, ಅಲ್ವಾ?

2024ರಲ್ಲಿ ಓಹಾಯೋ ಸ್ಟೇಟ್, ಏಳುಬೀಳಿನ ಸೀಸನ್ನಿನಲ್ಲಿದ್ದ ಮಿಷಿಗನ್ ಕೈಲಿ ತನ್ನದೇ ಅಂಗಳದಲ್ಲಿ 13–10ರಿಂದ ಸೋತಿತು. ಆಮೇಲೆ ಪ್ಲೇಆಫ್‌ನಲ್ಲಿ ಎಲ್ಲರನ್ನೂ ಸೋಲಿಸಿ ದೇಶದ ಚಾಂಪಿಯನ್ ಆಯಿತು. ಲ್ಯಾಬಿನ ಆ ಗೆಳೆಯನಿಗೆ ಫೋನ್ ಮಾಡಿ ಅಭಿನಂದನೆ ಹೇಳಿದೆ. ‘ಹೌದು ಹೌದು, ಗೆದ್ವಿ’ ಅಂದ. ಒಂದು ಗಳಿಗೆ ಸುಮ್ನಿದ್ದು, ‘ಆ ಹದಿಮೂರು ಹತ್ತು ಮಾತ್ರ…’ ಅಂದ.

ಕೊನೆಗೆ ಪಶ್ಚಿಮದ ಒಂದು ಊರಿನ ವಿಷಯ. ಪ್ಯಾಕ್–12 ಅನ್ನುವ ಹಳೇ ಕೂಟದಿಂದ 2024ರಲ್ಲಿ ಹತ್ತು ತಂಡ ಎದ್ದು ಹೋದವು. ಉಳಿದದ್ದು ಎರಡು. ಅದರಲ್ಲೊಂದು ವಾಷಿಂಗ್ಟನ್ ಸ್ಟೇಟ್, ಗೋಧಿ ಹೊಲಗಳ ನಡುವಿನ ಪುಲ್ಮನ್ ಎಂಬ ಸಣ್ಣ ಊರಿನದು. ಅವರ ದಾಯಾದಿ ಸಿಯಾಟಲ್‌ನ ವಾಷಿಂಗ್ಟನ್, ಆ ಜನವರಿಯಲ್ಲಷ್ಟೇ ದೇಶದ ಫೈನಲ್ ಆಡಿದ ತಂಡ, ಬಿಗ್ ಟೆನ್‌ಗೆ ಹೊರಟು ಹೋಯಿತು. ಆದರೂ 1900ರಿಂದ ಬಂದ ಪಂದ್ಯವನ್ನು ಬಿಡಬಾರದು ಅಂತ ಎರಡೂ ಕಡೆಯವರು ಕೂಟದ ಹೊರಗೇ ಆಡಲು ಒಪ್ಪಿದರು. ನವೆಂಬರಿನ ಚಳಿಯಲ್ಲಿ ಆಡುತ್ತಿದ್ದ ಪಂದ್ಯ ಸೆಪ್ಟೆಂಬರ್ 14ಕ್ಕೆ ಬಂತು, ಸಿಯಾಟಲ್‌ನಲ್ಲಿ. ಆಟ ಮುಗಿಯಲು ಸ್ವಲ್ಪ ಹೊತ್ತು ಇರುವಾಗ ಪುಲ್ಮನ್ ಹುಡುಗರು 24–19ರಿಂದ ಮುಂದಿದ್ದರು. ವಾಷಿಂಗ್ಟನ್ ತಂಡ ಎದುರಿನವರ ಕೊನೆಯ ಗೆರೆಯ ಹತ್ತಿರಕ್ಕೆ ಬಂದು ನಿಂತಿತು. ನಾಲ್ಕನೇ ಪ್ರಯತ್ನ, ಬೇಕಾದದ್ದು ಒಂದೇ ಗಜ. ಚೆಂಡು ಪಕ್ಕಕ್ಕೆ ಹೋಯಿತು, ಹಿಡಿದವನು ಓಡಿದ, ಪುಲ್ಮನ್ ಹುಡುಗರು ಅವನನ್ನು ಅಲ್ಲೇ ಕೆಡವಿದರು. ಈ ಪಂದ್ಯದ ಟ್ರೋಫಿ ಆಪಲ್ ಕಪ್ ಆ ವರ್ಷ ಗೋಧಿ ಹೊಲಗಳ ಊರಿಗೆ ಹೋಯಿತು.

ನಮಸ್ಕಾರ.