ಬರೆದು ಕೊಡಿ, ಸೀಲ್ ಹಾಕಿಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶಂಕರಘಟ್ಟದಿಂದ ಬಂದವರಿದ್ದೀರಿ, ಸಾಗರ, ತೀರ್ಥಹಳ್ಳಿ ಕಡೆಯವರೂ ಇದ್ದೀರಿ. ಈ ಮಳೆಯಲ್ಲಿ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದಿದ್ದೀರಿ ಅಂದ್ರೆ ವಿಷಯ ನಿಮಗೆ ಬೇಕಾಗಿದೆ ಅಂತಲೇ ಅರ್ಥ. ಆಮಂತ್ರಣದಲ್ಲಿ ‘ಸಂಶೋಧನಾ ವಿದ್ಯಾರ್ಥಿಗಳ ಹಕ್ಕು ಮತ್ತು ಹೊಣೆ’ ಅಂತ ಹಾಕಿದ್ದಾರೆ. ಹೇಳೋದು ಬೇಕಾದಷ್ಟಿದೆ. ಆದರೆ ನನಗೆ ಮುಖ್ಯ ಅನಿಸೋದು ಒಂದೇ. ತೊಂದರೆ ಏನೇ ಇರಲಿ, ಬರೆದು ಕೊಡಿ. ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ.

ನಮ್ಮ ಮಲೆನಾಡಿನವರಿಗೆ ದಾಕ್ಷಿಣ್ಯ ಜಾಸ್ತಿ. ಗೈಡು ನಾಲ್ಕು ತಿಂಗಳಿಂದ ಅಧ್ಯಾಯ ಓದಿಲ್ಲ, ಕೇಳೋಕೆ ಸಂಕೋಚ. ಫೆಲೋಶಿಪ್ ಬಂದಿಲ್ಲ, ಹೇಳೋಕೆ ಸಂಕೋಚ. ಕೊನೆಗೆ ಎಲ್ಲರೂ ಹೇಳಿಕೊಳ್ಳೋದು ಕ್ಯಾಂಟೀನಿನಲ್ಲಿ. ಅಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಕಡತ ಒಂದಿಂಚೂ ಸರಿಯೋದಿಲ್ಲ.

ಹೊಸನಗರ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳ್ತೀನಿ. ಬೇರೆ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದಳು. ಯಾವುದು ಅನ್ನೋದು ಇಲ್ಲಿ ಬೇಡ. ಎಂಟು ತಿಂಗಳ ಫೆಲೋಶಿಪ್ ನಿಂತಿತ್ತು. ಸೆಕ್ಷನ್ನಿಗೆ ಹೋದರೆ ‘ಫೈಲ್ ಮೇಲೆ ಹೋಗಿದೆ’ ಅನ್ನೋರು. ಮೇಲೆ ಹೋದರೆ ‘ಇನ್ನೂ ಬಂದಿಲ್ಲ’. ಗೈಡು ಪ್ರಗತಿ ವರದಿಗೆ ಸಹಿ ಹಾಕಿಲ್ಲ, ಬೇಕಂತಲೇ ಸತಾಯಿಸ್ತಿದ್ದಾರೆ ಅಂತ ಅವಳಿಗೆ ಗಟ್ಟಿ ಅನುಮಾನ. ಅಪ್ಪನ ಹತ್ರ ಹೇಳಿದಾಗ ಅವರು, ‘ಗುರುಗಳ ಮೇಲೆ ಅರ್ಜಿ ಹಾಕೋದಾ? ಸುಮ್ನಿರು ಮಾರಾಯ್ತಿ’ ಅಂದರಂತೆ.

ನನ್ನ ಹತ್ರ ಬಂದಾಗ ಕೇಳಿದೆ, ‘ಬರೆದು ಏನು ಕೊಟ್ಟಿದ್ದೀಯಮ್ಮ?’

‘ಏನೂ ಇಲ್ಲ ಸಾರ್, ಹೋಗಿ ಹೋಗಿ ಕೇಳಿದ್ದೀನಿ.’

ಬರೆದುಕೊಂಡು ಬಾ ಅಂದೆ. ಮೂರು ಪುಟ ಬರೆದು ತಂದಳು. ಗೈಡು ಸೆಮಿನಾರಿನಲ್ಲಿ ಆಡಿದ ಮಾತು, ತನಗಾದ ಅವಮಾನ, ಎಲ್ಲ ಇತ್ತು. ಮೂರನೇ ಪುಟಕ್ಕೆ ಬರೋ ಹೊತ್ತಿಗೆ ಹಾಸ್ಟೆಲ್ಲಿನ ಸಾಂಬಾರ್ ಕೂಡ ಬಂದಿತ್ತು! ಇಬ್ಬರೂ ನಕ್ಕೆವು. ಸಾಂಬಾರಿಗೆ ಬೇರೆ ಅರ್ಜಿ ಹಾಕೋಣ ಅಂತ ಅದನ್ನ ತೆಗೆದೆವು. ಉಳಿದದ್ದು ನಾಲ್ಕು ವಾಕ್ಯ. ಯಾವ ತಿಂಗಳಿಂದ ಹಣ ಬಂದಿಲ್ಲ, ಪ್ರಗತಿ ವರದಿ ಯಾವ ತಾರೀಖು ಕೊಟ್ಟೆ, ಕಡತ ಈಗ ಎಲ್ಲಿದೆ, ಯಾವಾಗ ಹಣ ಬರುತ್ತೆ, ದಯವಿಟ್ಟು ತಿಳಿಸಿ.

ಟಪಾಲು ಕೌಂಟರಿನಲ್ಲಿ ಗುಮಾಸ್ತರು ‘ಇಟ್ಟು ಹೋಗಮ್ಮ’ ಅಂದರು. ಅವಳು ಹೋಗಲಿಲ್ಲ. ‘ಎರಡನೇ ಪ್ರತಿಗೆ ಸೀಲ್ ಹಾಕಿ ಕೊಡಿ ಸಾರ್’ ಅಂತ ನಿಂತೇ ಇದ್ದಳು. ಹಿಂದೆ ಸಾಲು ಬೆಳೀತು. ಆಮೇಲೆ ಸೀಲ್ ಬಿತ್ತು. ನೇರಳೆ ಬಣ್ಣದ ಸೀಲು, ಅದರ ಮೇಲೆ ಪೆನ್ನಿನಲ್ಲಿ ತಾರೀಖು, ಒಂದು ನಂಬರು. ಆ ನಂಬರು ಬಿದ್ದ ಮೇಲೆ ಯಾರಾದರೂ ಉತ್ತರ ಕೊಡಲೇಬೇಕಲ್ವಾ? ಹುಡುಕಿದರು. ಗೈಡು ಯಾವಾಗಲೋ ಸಹಿ ಹಾಕಿದ್ದರು. ಬ್ಯಾಂಕ್ ಖಾತೆಯ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಅದನ್ನ ಕೇಳಿ ಅಂತ ಯಾರೋ ಷರಾ ಬರೆದಿದ್ದರು. ಅವಳಿಗೆ ತಿಳಿಸಿದವರು ಯಾರೂ ಇಲ್ಲ. ಎಂಟು ತಿಂಗಳು ಅವಳು ಗೈಡಿನ ಮುಖ ನೋಡೋಕೆ ಮನಸ್ಸಿಲ್ಲದೆ ಓಡಾಡಿದ್ದಳು! ಬರೆದು ಕೊಟ್ಟರೆ ಗುರುಗಳಿಗೆ ಅವಮಾನ ಅಂತೀವಿ. ಇಲ್ಲಿ ಗುರುಗಳ ಮೇಲಿನ ಅನುಮಾನ ಹೋಗಿದ್ದೇ ಬರೆದು ಕೊಟ್ಟಿದ್ದರಿಂದ.

ಸೆಕ್ಷನ್ನಿನಲ್ಲೇ ಬಗೆಹರಿಯದೇ ಇದ್ದರೆ? ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ಕುಂದುಕೊರತೆ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಮಹಿಳೆ ಇರಬೇಕು, ಎಸ್‌ಸಿ, ಎಸ್‌ಟಿ ಅಥವಾ ಒಬಿಸಿ ವರ್ಗದವರು ಇರಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರಾಗಿ ಕೂರುತ್ತಾರೆ. ದೂರು ಸಿಕ್ಕ ಮೇಲೆ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು, ಒಂದು ಪ್ರತಿ ನಿಮಗೂ ಕೊಡಬೇಕು. ಸಮಾಧಾನ ಆಗಲಿಲ್ಲವೋ, 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದ್ರೆ ಇಂಥ ಮೇಲ್ಮನವಿ ಕೇಳೋಕೆ ಅಂತಲೇ ನೇಮಿಸಿದವರಿಗೆ, ಮೇಲ್ಮನವಿ. ಅವರಿಗೆ 30 ದಿನ. ಈ ದಿನಗಳನ್ನೆಲ್ಲ ಯಾವ ತಾರೀಖಿನಿಂದ ಎಣಿಸ್ತೀರಿ? ಸೀಲಿನ ತಾರೀಖು ಇಲ್ಲದಿದ್ದರೆ ಎಣಿಸೋಕೆ ಆಗೋದೇ ಇಲ್ಲ.

ಇದೇ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತು. ಗೇಣಿ ಅಳೆಯುವ ಕೊಳಗ ಸರಿಯಾಗಿರಲಿ ಅಂತ ಗೇಣಿದಾರರು ಕೇಳಿದರು. ಗಣಪತಿಯಪ್ಪನವರು ಅವರನ್ನ ಸಂಘಟಿಸಿದರು. ಧಣಿಯ ಎದುರು ನಿಂತು ‘ಅಳತೆ ಸರಿ ಇಲ್ಲ’ ಅನ್ನೋಕೆ ಆ ಕಾಲದಲ್ಲಿ ಎಂಥ ಧೈರ್ಯ ಬೇಕಿತ್ತು! ಅವರ ಮೊಮ್ಮಕ್ಕಳು, ಮರಿಮಕ್ಕಳ ವಯಸ್ಸಿನ ನೀವು ನಿಯಮದ ಪುಸ್ತಕ ಕೈಯಲ್ಲಿಟ್ಟುಕೊಂಡು ಒಂದು ಅರ್ಜಿ ಕೊಡೋಕೆ ಹಿಂಜರಿಯಬೇಡಿ.

ಹೊಣೆಯ ವಿಷಯ. ಆರು ತಿಂಗಳಿಗೊಮ್ಮೆ ನಿಮ್ಮ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸ ಒಪ್ಪಿಸಬೇಕು. ಅದನ್ನ ತಪ್ಪಿಸಿಕೊಂಡು ಆಮೇಲೆ ಗೈಡು ಸರಿಯಿಲ್ಲ ಅಂದರೆ ಯಾರೂ ಕೇಳೋದಿಲ್ಲ. ಕೃತಿಚೌರ್ಯದ 2018ರ ನಿಯಮ ನೋಡಿ. ನಿಮ್ಮ ಪ್ರಬಂಧಕ್ಕೂ ಬೇರೆಯವರ ಬರಹಕ್ಕೂ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. ಶೇ. 60 ದಾಟಿತೋ, ನೋಂದಣಿಯೇ ರದ್ದು. ಸುಳ್ಳು ದೂರು ಕೊಟ್ಟವರ ಮೇಲೂ ಕ್ರಮಕ್ಕೆ ಅವಕಾಶ ಇದೆ. ಇರಬೇಕಾದ್ದೇ.

ಚೀಟಿ ಬಂತು, ಐದು ನಿಮಿಷ ಅಂತೆ. ಓಡಿಸ್ತೀನಿ. ಲೈಂಗಿಕ ಕಿರುಕುಳದ ದೂರು ಕುಂದುಕೊರತೆ ಸಮಿತಿಗಲ್ಲ, ಆಂತರಿಕ ದೂರು ಸಮಿತಿಗೆ. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಿ. ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಉತ್ತರ ಪತ್ರಿಕೆ ನೋಡಬೇಕಾ? ನೋಡುವ ಹಕ್ಕು ನಿಮಗಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಿಎಚ್‌ಡಿಗೆ ಗರಿಷ್ಠ ಆರು ವರ್ಷ, ಮರುನೋಂದಣಿ ಆದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಕೊಡಬಹುದು. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆ ಇದೆ. ಎಷ್ಟೋ ಹೆಣ್ಣುಮಕ್ಕಳು ಇದು ಗೊತ್ತಿಲ್ಲದೆ ಮಧ್ಯದಲ್ಲೇ ಬಿಟ್ಟು ಹೋಗಿದ್ದಾರೆ. ನಿಮ್ಮ ಗೆಳತಿಯರಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಆಗಲೇ ಹಿಂದಿನ ಸಾಲಿನ ಹುಡುಗ ಕೇಳಿದ್ದ, ಗೈಡು ನಿವೃತ್ತರಾದರೆ ಏನು ಅಂತ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಅವರು ಹೊಸಬರನ್ನ ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ಇರುವ ವಿದ್ಯಾರ್ಥಿಗಳಿಗೆ, ನಿವೃತ್ತಿಯ ನಂತರ ತಮ್ಮ 70 ವರ್ಷ ವಯಸ್ಸಿನವರೆಗೆ ಅವರು ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು. ನಿನ್ನ ಗೈಡಿನ ನಿವೃತ್ತಿ ತಾರೀಖು ನೋಡಿಕೊಂಡು, ಇನ್ನೊಬ್ಬ ಗೈಡು ಬೇಕು ಅಂತ ವಿಭಾಗದ ಮುಖ್ಯಸ್ಥರಿಗೆ ಈ ವಾರವೇ ಬರೆದು ಕೊಡಪ್ಪ. ಎರಡು ಪ್ರತಿ ತಗೊಂಡು ಹೋಗು.