ಸ್ವೀಕೃತಿ ಚೀಟಿಯ ಮೇಲಿನ ತಾರೀಖು

ಮಾನ್ಯರೆ,

ಸರ್ಕಾರಿ ಕೆಲಸವನ್ನು ಅಳೆಯುವುದು ಹೊಸ ಸಂಗತಿಯೇನಲ್ಲ. ಯಾರ ಮೇಜಿನ ಮೇಲೆ ಎಷ್ಟು ಕಡತ ಬಾಕಿ ಇದೆ ಎಂಬ ತಖ್ತೆ ತಿಂಗಳು ತಿಂಗಳು ಮೇಲಧಿಕಾರಿಗಳಿಗೆ ಹೋಗುತ್ತಲೇ ಇತ್ತು. ಆದರೆ ಆ ಲೆಕ್ಕ ಕಚೇರಿಯಿಂದ ಕಚೇರಿಗೆ ಓಡಾಡಿತೇ ಹೊರತು, ಅರ್ಜಿ ಕೊಟ್ಟು ಹೊರಗೆ ಕಾದು ನಿಂತವರ ಕಣ್ಣಿಗೆ ಬೀಳಲಿಲ್ಲ. ಅಳತೆಗೋಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಬೆಂಗಳೂರಿನಲ್ಲಿ ಆ ಅಳತೆಗೋಲನ್ನು ನಾಗರಿಕರ ಕೈಗೆ ಕೊಟ್ಟವರು ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್. ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸರ್ಕಾರೇತರ ಸಂಸ್ಥೆ ನೀರು, ವಿದ್ಯುತ್ತು, ದೂರವಾಣಿ ಮೊದಲಾದ ಸೇವೆಗಳ ಬಗ್ಗೆ ಜನರನ್ನೇ ಕೇಳಿ, ಶಾಲಾ ಮಕ್ಕಳ ಅಂಕಪಟ್ಟಿಯ ಮಾದರಿಯಲ್ಲಿ ಸಂಸ್ಥೆಗಳಿಗೆ ಅಂಕ ಹಾಕಿ ಪ್ರಕಟಿಸಿತು. 1994ರ ಮೊದಲ ಪಟ್ಟಿಯಲ್ಲಿ ಅಂಕಗಳು ತೀರ ಕಡಿಮೆ ಇದ್ದವು. 1999ರಲ್ಲಿ ಅಲ್ಪಸ್ವಲ್ಪ ಏರಿದವು. 2003ರಲ್ಲಿ ಮಾತ್ರ ಎದ್ದು ಕಾಣುವಷ್ಟು ಸುಧಾರಣೆ ಕಂಡಿತು. ಈ ನಡುವೆ, ಎಸ್.ಎಂ. ಕೃಷ್ಣ ಅವರ ಸರ್ಕಾರ ನಗರದ ಸುಧಾರಣೆಗೆಂದು ರಚಿಸಿದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಕಾರ್ಯಪಡೆಯ ಸಭೆಗಳಲ್ಲಿ ಸಂಸ್ಥೆಗಳ ಮುಖ್ಯಸ್ಥರು ಮುಖ್ಯಮಂತ್ರಿಗಳ ಹಾಗೂ ಸಾರ್ವಜನಿಕರ ಎದುರು ನಿಂತು, ಏನು ಮಾಡುತ್ತೇವೆಂದು ಹೇಳಿದ್ದೆವು, ಎಷ್ಟು ಮಾಡಿದೆವು ಎಂದು ಒಪ್ಪಿಸಬೇಕಾಗಿ ಬಂತು. ಅಂಕಪಟ್ಟಿಯೊಂದೇ ಈ ಬದಲಾವಣೆ ತಂದಿತೆಂದು ನಾನು ಹೇಳಲಾರೆ. ಆದರೆ ಅಂಕಕ್ಕೆ ಉತ್ತರ ಕೊಡಬೇಕಾದ ಮುಖವೊಂದು ಕಂಡ ಮೇಲೆಯೇ ಅದಕ್ಕೆ ಬಲ ಬಂದದ್ದೆಂದು ನನ್ನ ನಂಬಿಕೆ.

2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, ಅಂದರೆ ನಾವೆಲ್ಲ ಸಕಾಲ ಎಂದು ಕರೆಯುವ ವ್ಯವಸ್ಥೆ, ಇದೇ ತತ್ತ್ವವನ್ನು ಒಂದೊಂದು ಅರ್ಜಿಗೂ ಇಳಿಸಿತು. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಾಗ ಅದರ ವ್ಯಾಪ್ತಿಯಲ್ಲಿದ್ದದ್ದು 11 ಇಲಾಖೆಗಳ 151 ಸೇವೆಗಳು. ಪ್ರತಿ ಸೇವೆಗೂ ಇಂತಿಷ್ಟು ಕೆಲಸದ ದಿನ, ಅದಕ್ಕೆ ಹೊಣೆಯಾದ ಒಬ್ಬ ಅಧಿಕಾರಿ, ತಪ್ಪಿದರೆ ಮೇಲ್ಮನವಿ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಆ ಮೊತ್ತ ತಪ್ಪು ಮಾಡಿದವರ ಸಂಬಳದಿಂದಲೇ ವಸೂಲಾಗಬೇಕು. ಮೊತ್ತ ಚಿಕ್ಕದು, ನಿಜ. ಆದರೆ ಇಲಾಖೆಯ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವ ದಾರಿಯನ್ನು ಅದು ಮುಚ್ಚಿತು.

ನಾಡಕಚೇರಿಯೊಂದರಲ್ಲಿ ಕಂಡ ದೃಶ್ಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಮಗನ ಜಾತಿ ಪ್ರಮಾಣಪತ್ರಕ್ಕಾಗಿ ಬಂದಿದ್ದ ತಾಯಿಯೊಬ್ಬರು, ಸೆರಗಿನ ಗಂಟು ಬಿಚ್ಚಿ, ಅರ್ಜಿ ಕೊಟ್ಟಾಗ ಕೆಲಸ ಮುಗಿಯುವ ತಾರೀಖು ಹಾಕಿ ಕೊಟ್ಟಿದ್ದ, ಬೆವರಿಗೆ ಮೆತ್ತಗಾಗಿದ್ದ ಸ್ವೀಕೃತಿ ಚೀಟಿಯನ್ನು ಕಿಟಕಿಯೊಳಗೆ ಚಾಚಿ, "ಇವತ್ತಿನ ತಾರೀಖು ಹಾಕಿದೀರಲ್ಲ ಸ್ವಾಮಿ" ಎಂದಷ್ಟೇ ಹೇಳಿದರು. ಅವರ ದನಿಯಲ್ಲಿ ಬೇಡಿಕೆಯಿರಲಿಲ್ಲ, ಲೆಕ್ಕವಿತ್ತು. ಒಳಗಿದ್ದವರು ನಾಳೆ ಬನ್ನಿ ಎನ್ನಲಿಲ್ಲ. ಕಡತ ಹುಡುಕಲು ಎದ್ದರು.

ಅಳತೆಯ ದೋಷಗಳನ್ನೂ ಇಲ್ಲೇ ಹೇಳಬೇಕು. ಯಾವುದನ್ನು ಅಳೆಯುತ್ತೇವೋ ಅದನ್ನೇ ಕಚೇರಿ ಸುಧಾರಿಸುತ್ತದೆ. ದಿನಗಳನ್ನಷ್ಟೇ ಎಣಿಸಿದರೆ, ಗಡುವು ಮುಗಿಯುವ ಮುನ್ನ ಒಂದು ದಾಖಲೆ ಕಡಿಮೆಯಿದೆಯೆಂದು ಹಿಂಬರಹ ಕೊಟ್ಟು ಅರ್ಜಿ ತಿರಸ್ಕರಿಸಿದರೂ ಅದು ಸಕಾಲದಲ್ಲಿ ಆದ ವಿಲೇವಾರಿಯೇ. ಇನ್ನು ಅರ್ಜಿಯನ್ನು ಕೈಯಲ್ಲಿ ಪಡೆದು, ಕೆಲಸ ಮುಗಿಯುವ ಹೊತ್ತಿಗೆ ಗಣಕದಲ್ಲಿ ನೋಂದಾಯಿಸಿದರೆ ವಿಳಂಬವೇ ದಾಖಲಾಗುವುದಿಲ್ಲ. ಈ ಕಾರಣಕ್ಕೆ ಅಳತೆಯನ್ನೇ ಕೈಬಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಚೀಟಿ ಇಲ್ಲದ ಕಾಲದಲ್ಲಿ ಆ ತಾಯಿಗೆ ಕೇಳಲು ಆಧಾರವೇ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ಸಕಾಲದ ಪಟ್ಟಿಯಲ್ಲಿ ವಿಲೇವಾರಿಯಾದ ಅರ್ಜಿಗಳ ಸಂಖ್ಯೆಯ ಪಕ್ಕದಲ್ಲೇ ತಿರಸ್ಕೃತವಾದವು ಎಷ್ಟು, ಯಾವ ಕಾರಣಕ್ಕೆ, ಅವುಗಳಲ್ಲಿ ಎಷ್ಟು ಗಡುವಿನ ಕೊನೆಯ ಎರಡು ದಿನಗಳಲ್ಲಿ ಎಂಬ ಕಾಲಂಗಳು ಸೇರಬೇಕು. ಆ ಪಟ್ಟಿ ಜಾಲತಾಣದ ಒಳಪುಟದಲ್ಲಿ ಮಾತ್ರವಲ್ಲದೆ, ನಾಡಕಚೇರಿಯ ಅದೇ ಕಿಟಕಿಯ ಪಕ್ಕದ ಗೋಡೆಯ ಮೇಲೂ, ಸಾಲಿನಲ್ಲಿ ನಿಂತವರು ಓದುವಷ್ಟು ದೊಡ್ಡ ಅಕ್ಷರದಲ್ಲಿ, ಪ್ರತಿ ತಿಂಗಳು ಪ್ರಕಟವಾಗಬೇಕು.