ಕೈಬಿಟ್ಟರೆ ಮೇಲೇಳುವ ತಂತಿ

ಕೇಳುಗರಿಗೆ ನಮಸ್ಕಾರ.

ನನಗೆ ಆಗ ಬೇಕಾಗಿದ್ದುದು ಇಷ್ಟೇ. ಒಂದು ಗಡಿಯಾರದ ಚಿಪ್ಪಿನಿಂದ ಸಮಯ ಓದಬೇಕಿತ್ತು. ಅದು ಮಾತಾಡುವುದು ಐ-ಟು-ಸಿ ಬಸ್ಸಿನ ಮೇಲೆ, ಅಂದರೆ ಚಿಪ್ಪುಗಳು ಪರಸ್ಪರ ಮಾತಾಡಲು ಹಂಚಿಕೊಳ್ಳುವ ತಂತಿಗಳ ಮೇಲೆ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಬಸ್ ಇದು. ಎರಡೇ ತಂತಿ. ಒಂದು ತಾಳ ಹಾಕುತ್ತದೆ, ಅದು ಕ್ಲಾಕ್. ಇನ್ನೊಂದು ಮಾತು ಸಾಗಿಸುತ್ತದೆ, ಅದು ಡೇಟಾ. ಇದನ್ನು ನಡೆಸುವ ಯಂತ್ರಾಂಶ ಎಷ್ಟೋ ಮೈಕ್ರೋಕಂಟ್ರೋಲರ್‌ಗಳ, ಅಂದರೆ ಉಪಕರಣ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪುಗಳ, ಒಳಗೇ ಇರುತ್ತದೆ. ನನ್ನ ಚಿಪ್ಪಿನಲ್ಲೂ ಇತ್ತು. ಆದರೆ ಅದರ ಪಿನ್‌ಗಳು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದವು. ಉಳಿದಿದ್ದು ಎರಡು ಸಾಮಾನ್ಯ ಪಿನ್. ಸರಿ, ಸಾಫ್ಟ್‌ವೇರಿನಲ್ಲೇ ಒಂದೊಂದು ಬಿಟ್ಟನ್ನೂ ಕೈಯಾರೆ ಕುಟ್ಟೋಣ ಎಂದು ಕೂತೆ. ಇದಕ್ಕೆ ಬಿಟ್ ಬ್ಯಾಂಗಿಂಗ್ ಅನ್ನುತ್ತಾರೆ.

ನಾನು ಬರೆದ ಕೋಡ್ ಸರಳವಾಗಿತ್ತು. 1 ಕಳಿಸಬೇಕಾದರೆ ಪಿನ್‌ಗೆ 1 ಬರೆ. 0 ಕಳಿಸಬೇಕಾದರೆ 0 ಬರೆ. ಇದರಲ್ಲಿ ತಪ್ಪೇನಿದೆ, ಅಲ್ವಾ? ಎಲ್ಲವೂ ತಪ್ಪು.

ಹೀಗೆ ಊಹಿಸಿಕೊಳ್ಳಿ. ಮೇಲಿನಿಂದ ಸ್ಪ್ರಿಂಗಿಗೆ ಕಟ್ಟಿದ ಒಂದು ಹಗ್ಗ. ಅದರ ಕೆಳಗೆ ನಾಲ್ಕು ಜನ. ಯಾರು ಬೇಕಾದರೂ ಹಗ್ಗವನ್ನು ಕೆಳಕ್ಕೆ ಎಳೆಯಬಹುದು. ಮೇಲಕ್ಕೆ ತಳ್ಳುವ ಹಕ್ಕು ಯಾರಿಗೂ ಇಲ್ಲ. ಎಲ್ಲರೂ ಕೈಬಿಟ್ಟಾಗ ಸ್ಪ್ರಿಂಗೇ ಹಗ್ಗವನ್ನು ಮೇಲೆತ್ತುತ್ತದೆ. ಐ-ಟು-ಸಿ ತಂತಿಯೂ ಹೀಗೆಯೇ. ಆ ಸ್ಪ್ರಿಂಗ್ ಅಂದರೆ ಪುಲ್-ಅಪ್ ರೆಸಿಸ್ಟರ್. ಹಾಗಾಗಿ 0 ಎಂಬುದು ನಾವು ಮಾಡುವ ಕೆಲಸ. 1 ಎಂಬುದು ನಾವು ಬಿಟ್ಟುಕೊಟ್ಟಾಗ ತಾನಾಗಿ ಆಗುವುದು. ನಾನು 1 ಬರೆದು ತಂತಿಯನ್ನು ಮೇಲಕ್ಕೆ ತಳ್ಳುತ್ತಿದ್ದೆ. ಆ ಕಡೆಯ ಚಿಪ್ಪು ಉತ್ತರ ಕೊಡಲು ಅದೇ ತಂತಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಇಬ್ಬರ ಹಗ್ಗಜಗ್ಗಾಟದಲ್ಲಿ ಅದರ ಉತ್ತರ ನನಗೆ ತಲುಪಲೇ ಇಲ್ಲ.

ಸರಿಯಾದ ದಾರಿ ಬೇರೆ. ಪಿನ್ನಿನ ಔಟ್‌ಪುಟ್ ರಿಜಿಸ್ಟರಿನಲ್ಲಿ, ಅಂದರೆ ಹೊರಗೆ ಕಳಿಸುವ ಬೆಲೆಯನ್ನು ಇಡುವ ಜಾಗದಲ್ಲಿ, 0 ಇಟ್ಟುಬಿಡಿ. ಆಮೇಲೆ ಮುಟ್ಟುವುದು ಪಿನ್ನಿನ ದಿಕ್ಕನ್ನು ಮಾತ್ರ. ಔಟ್‌ಪುಟ್ ಮಾಡಿದರೆ ತಂತಿ ಕೆಳಗಿಳಿಯುತ್ತದೆ. ಇನ್‌ಪುಟ್ ಮಾಡಿದರೆ ನೀವು ಕೈಬಿಟ್ಟಂತೆ. ಪಿನ್‌ಗೆ 1 ಬರೆಯುವ ಸಾಲೇ ನಿಮ್ಮ ಡ್ರೈವರಿನಲ್ಲಿ, ಅಂದರೆ ಬಸ್ ನಡೆಸುವ ಈ ಕೋಡಿನಲ್ಲಿ, ಇರಬಾರದು.

ಇಷ್ಟು ತಿಳಿದ ಮೇಲೂ ನಾನೊಮ್ಮೆ ಎರಡು ದಿನ ತಲೆ ಕೆಡಿಸಿಕೊಂಡೆ. ಡ್ರೈವರ್ ಚೆನ್ನಾಗಿ ಓಡುತ್ತಿತ್ತು. ಅದೇ ಪೋರ್ಟಿನಲ್ಲಿದ್ದ, ಅಂದರೆ ಎಂಟು ಪಿನ್‌ಗಳ ಅದೇ ಗುಂಪಿನಲ್ಲಿದ್ದ, ಎಲ್‌ಇಡಿ ಮಿನುಗಿಸಿದರೆ ಸಾಕು, ಬಸ್ ಕೆಟ್ಟುಹೋಗುತ್ತಿತ್ತು. ಎಲ್‌ಇಡಿಗೂ ಗಡಿಯಾರಕ್ಕೂ ಏನು ಸಂಬಂಧ? ಕೆಲವು ಹಳೆಯ 8 ಬಿಟ್ ಚಿಪ್ಪುಗಳಲ್ಲಿ ಒಂದು ಪಿನ್ ಬದಲಿಸಲು ಹೋದರೆ, ಚಿಪ್ಪು ಎಂಟೂ ಪಿನ್‌ಗಳ ಮೇಲಿರುವುದನ್ನು ಓದಿ, ಒಂದನ್ನು ತಿದ್ದಿ, ಎಂಟನ್ನೂ ವಾಪಸ್ ಬರೆಯುತ್ತದೆ. ಆ ಹೊತ್ತಿಗೆ ನನ್ನ ಡೇಟಾ ತಂತಿ ಮೇಲಿತ್ತು. ಹಾಗಾಗಿ 1 ಎಂದು ಓದಿ, 1 ಎಂದೇ ಬರೆದುಬಿಟ್ಟಿತು. ನಾನು ಇಟ್ಟಿದ್ದ 0 ಸದ್ದಿಲ್ಲದೆ ಮಾಯ. ಅಂದಿನಿಂದ ದಿಕ್ಕು ಬದಲಿಸುವ ಮುಂಚೆ ಪ್ರತಿ ಸಲವೂ 0 ಬರೆಯುತ್ತೇನೆ. ಒಂದು ಸಾಲು ಜಾಸ್ತಿ ಆಗುತ್ತದೆ, ಆಗಲಿ.

ಇನ್ನು ಮಾತಿನ ಕ್ರಮ. ಕ್ಲಾಕ್ ಕೆಳಗಿದ್ದಾಗ ಮಾತ್ರ ಡೇಟಾ ಬದಲಾಗಬೇಕು. ಕ್ಲಾಕ್ ಮೇಲಿದ್ದಾಗ ಡೇಟಾ ಕೆಳಗಿಳಿದರೆ ಮಾತು ಶುರು, ಮೇಲೇರಿದರೆ ಮಾತು ಮುಗಿಯಿತು. ನಡುವೆ ಎಂಟೆಂಟು ಬಿಟ್, ದೊಡ್ಡ ಬೆಲೆಯ ಬಿಟ್ ಮೊದಲು. ಒಂಬತ್ತನೆಯ ತಾಳಕ್ಕೆ ಕಳಿಸಿದವರು ಡೇಟಾ ತಂತಿ ಬಿಡಬೇಕು. ಕೇಳಿಸಿಕೊಂಡವರು ಅದನ್ನು ಎಳೆದು ಹೂಂಗುಟ್ಟಬೇಕು. ಮೊದಲ ಬೈಟಿನಲ್ಲಿ 7 ಬಿಟ್ ವಿಳಾಸ, ಕೊನೆಯದು ಓದುವುದೋ ಬರೆಯುವುದೋ ಎಂದು ಹೇಳುವ ಬಿಟ್. ಇಲ್ಲಿ ಎಡವುವವರು ಬಹಳ. ಡಿಎಸ್1307 ಗಡಿಯಾರದ ವಿಳಾಸ ಹೆಕ್ಸಿನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 68. ಆದರೆ ಬರೆಯುವಾಗ ತಂತಿಯ ಮೇಲೆ ಹೋಗುವ ಬೈಟ್ ಡಿ0, ಓದುವಾಗ ಡಿ1. ವಿಳಾಸವನ್ನು ಒಂದು ಮನೆ ಎಡಕ್ಕೆ ಸರಿಸಬೇಕು ಅಷ್ಟೇ. ಮರೆತರೆ ಆ ಕಡೆಯಿಂದ ಬರೀ ಮೌನ.

ವೇಗದ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ಮಾಮೂಲಿ ವೇಗ ಸೆಕೆಂಡಿಗೆ 1 ಲಕ್ಷ ಬಿಟ್. ಅಂದರೆ ಬಿಟ್ಟಿಗೆ 10 ಮೈಕ್ರೋಸೆಕೆಂಡ್. ಕ್ಲಾಕ್ ಕನಿಷ್ಠ 4.7 ಮೈಕ್ರೋಸೆಕೆಂಡ್ ಕೆಳಗೆ, ಕನಿಷ್ಠ 4 ಮೇಲೆ ಇರಬೇಕು. ಏರಲು ಹೆಚ್ಚೆಂದರೆ 1, ಇಳಿಯಲು 0.3. ಕೂಡಿಸಿ ನೋಡಿ, ಸರಿಯಾಗಿ 10. ಆದರೆ ಇದು ವೇಗದ ಮಿತಿ, ನಿಧಾನಕ್ಕೆ ಮಿತಿಯೇ ಇಲ್ಲ. ತಾಳ ಹಾಕುವವರು ನೀವು. ನಡುವೆ ಇಂಟರಪ್ಟ್, ಅಂದರೆ ತುರ್ತು ಕೆಲಸದ ಕರೆ, ಬಂತು, ನೀವು ಬೇರೆ ಕೆಲಸಕ್ಕೆ ಹೋಗಿ ಬಂದಿರಿ, ಬಸ್ ಸುಮ್ನೆ ಕಾಯುತ್ತದೆ. ಕ್ಲಾಕ್ ತಂತಿಯೇ ಇಲ್ಲದೆ ಬರೀ ಹೊತ್ತಿನ ಲೆಕ್ಕದಲ್ಲಿ ಬಿಟ್ ಸಾಗಿಸುವ ಯುಎಆರ್‌ಟಿಯನ್ನು ಸಾಫ್ಟ್‌ವೇರಿನಲ್ಲಿ ಬರೆದವರಿಗೆ ಇದು ಎಂಥ ಸುಖ ಎಂದು ಗೊತ್ತು. ಅಲ್ಲಿ ಒಂದು ಬಿಟ್ ತಡವಾದರೆ ಅಕ್ಷರವೇ ಹೋಯಿತು.

ನಿಜವಾಗಿ ಹೆದರಬೇಕಾದದ್ದು ಏರುವ ಹೊತ್ತಿಗೆ. ತಂತಿಗೂ ಒಂದಿಷ್ಟು ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ತುಂಬಿಕೊಳ್ಳುವ ಗುಣ, ಇರುತ್ತದೆ. ಅದನ್ನು ತುಂಬುವವರೆಗೆ ತಂತಿ ಮೇಲೇಳುವುದಿಲ್ಲ. 4.7 ಕಿಲೋಓಮ್ ರೆಸಿಸ್ಟರ್, 200 ಪಿಕೋಫ್ಯಾರಡ್ ತಂತಿ ಇದ್ದರೆ ಸುಮಾರು 0.8 ಮೈಕ್ರೋಸೆಕೆಂಡ್ ಬೇಕು. ಮಿತಿಯೊಳಗಿದೆ. ಮೈಕ್ರೋಕಂಟ್ರೋಲರಿನ ಒಳಗಿನ ಪುಲ್-ಅಪ್ ಸಾಕು ಎಂದುಕೊಂಡರೆ ಕೆಟ್ಟಿರಿ. ಅದು ಸಾಮಾನ್ಯವಾಗಿ ಹತ್ತಾರು ಕಿಲೋಓಮ್. ಅಷ್ಟು ಸಡಿಲ ಸ್ಪ್ರಿಂಗಿನಲ್ಲಿ ಹಗ್ಗ ತೂಕಡಿಸುತ್ತಾ ಮೇಲೇರುತ್ತದೆ.

ಅದಕ್ಕೇ ಹೇಳುವುದು, ಕ್ಲಾಕ್ ಬಿಟ್ಟ ಮೇಲೆ ಅದು ಮೇಲೆದ್ದಿತೇ ಎಂದು ಓದಿ ನೋಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕಡೆಯ ಚಿಪ್ಪು ಸಿದ್ಧವಿಲ್ಲದಿದ್ದರೆ, ಸ್ವಲ್ಪ ತಾಳು ಎನ್ನಲು ಕ್ಲಾಕನ್ನೇ ಕೆಳಗೆ ಹಿಡಿದುಕೊಳ್ಳಬಹುದು. ಕ್ಲಾಕ್ ಸ್ಟ್ರೆಚಿಂಗ್ ಅನ್ನುವುದು ಇದಕ್ಕೇ. ನೋಡದೆ ಮುಂದುವರಿದರೆ ಬಿಟ್‌ಗಳು ಕಳೆದುಹೋಗುತ್ತವೆ. ಹಾಗಂತ ಕಾಯುತ್ತಲೇ ಕೂರಬೇಡಿ. ಐ-ಟು-ಸಿ ನಿಯಮದಲ್ಲಿ ಎಷ್ಟು ಹೊತ್ತು ಹಿಡಿಯಬಹುದು ಎಂಬ ಗಡುವು ಇಲ್ಲ. ಗಡುವನ್ನು ನೀವೇ ಹಾಕಿಕೊಳ್ಳಬೇಕು.

ಕೊನೆಗೆ ನನ್ನ ಡ್ರೈವರ್ ಮೊದಲು ಮಾಡುವ ಕೆಲಸದ ವಿಷಯ. ಗಡಿಯಾರವನ್ನು ಓದುತ್ತಿರುವಾಗ ಮೈಕ್ರೋಕಂಟ್ರೋಲರ್ ರೀಸೆಟ್ ಆಯಿತು ಎನ್ನಿ. ಆ ಹೊತ್ತಿಗೆ ಗಡಿಯಾರ 0 ಕಳಿಸುತ್ತಿತ್ತು. ಅಂದರೆ ಡೇಟಾ ಹಗ್ಗ ಅದರ ಕೈಯಲ್ಲಿದೆ. ರೀಸೆಟ್ ಆಗಿದ್ದು ಅದಕ್ಕೆ ಗೊತ್ತಿಲ್ಲ. ಮುಂದಿನ ತಾಳಕ್ಕೆ ಕಾಯುತ್ತಾ ಹಗ್ಗ ಹಿಡಿದೇ ನಿಂತಿದೆ. ನಾವೋ ಹಗ್ಗ ಬಿಡಲಿ ಎಂದು ಕಾಯುತ್ತೇವೆ. ಹಾಗಾಗಿ ಶುರುವಿನಲ್ಲೇ ಡೇಟಾ ತಂತಿ ಓದುತ್ತೇನೆ. ಕೆಳಗಿದ್ದರೆ ಅದು ಮೇಲೇಳುವವರೆಗೆ ತಾಳ ಹಾಕುತ್ತೇನೆ. ಹೆಚ್ಚೆಂದರೆ ಒಂಬತ್ತು ಸಲ. ಬಿಟ್ಟ ಕೂಡಲೇ ಮಾತು ಮುಗಿಯಿತು ಎಂಬ ಸಂಕೇತ. ಆಮೇಲಷ್ಟೇ ಗಂಟೆ ಎಷ್ಟಾಯಿತು ಎಂದು ಕೇಳುತ್ತೇನೆ.

ನಮಸ್ಕಾರ.